ನಾಲ್ಕನೇ ಸಲದ ಮೇಯನೇಸ್

ನೋಲ್ಫಾ: ಒಡೀತು ನೋಡು, ಮೂರನೇ ಸಲ. ಇದನ್ನ ಮೇಯನೇಸ್ ಅಂತಾರಾ? ಎಣ್ಣೇಲಿ ಮೊಟ್ಟೆ ಈಜಾಡ್ತಿದೆ.

ವ್ಲಾದಿಮಿರ್: ಎಣ್ಣೆ ಜಾಸ್ತಿ ಹೊಯ್ದ್ರೇನೋ ಅಮ್ಮಾ.

ನೋಲ್ಫಾ: ನೀನು ಹುಟ್ಟೋಕೆ ಮುಂಚಿಂದ ಹೊಯ್ತಿದೀನಿ. ನಾಳೆ ಕಂಪ್ಲೇತೋ ಮಾರೋ ಗಾಡಿಯವರು ಸಾಸೇಜ್ ಇಟ್ಟ ಬ್ರೆಡ್ಡಿಗೆ ಏನು ಬಳೀತಾರೆ, ನಿನ್ನ ಗ್ರೀಸಾ?

ತಾಲ್ಕಾ ಊರಿನ ಆ ಪುಟ್ಟ ಕಾರ್ಖಾನೆಯಲ್ಲಿ ನೋಲ್ಫಾ ಮೂವತ್ತು ವರ್ಷದಿಂದ ಮೇಯನೇಸ್ ಕಲಸುತ್ತಿದ್ದಳು. ಮೆಕ್ಯಾನಿಕ್ ವ್ಲಾದಿಮಿರ್ ಮಾಲೀಕ ದೋನ್ ಅಬೆಲಾರ್ದೊರನ್ನು ಕಾಡಿ ಬೇಡಿ ಹೊಸ ಮಿಕ್ಸರ್ ತರಿಸಿ, ತಾನೇ ಕೂರಿಸಿದ್ದ. ಊಟ ಮುಗಿಸಿ ಮಾಲೀಕರು ಬರುವಷ್ಟರಲ್ಲಿ ಮೇಯನೇಸ್ ಗಟ್ಟಿಯಾಗದಿದ್ದರೆ ಯಂತ್ರ ವಾಪಸು, ಅದರ ಹಿಂದೆಯೇ ಅವನೂ ಮನೆಗೆ.

ನೋಲ್ಫಾ: ಒಂದು ಪಾತ್ರೆಗೆ ಒಂದೇ ಕೈ ಇರ್ಬೇಕು. ನೀನು ಗುಂಡಿ ಒತ್ತೋದು, ನಾನು ಎಣ್ಣೆ ಹೊಯ್ಯೋದು. ಎರಡು ಕೈ ಆಯ್ತಲ್ಲ, ಒಡೀದೆ ಇನ್ನೇನಾಗುತ್ತೆ?

ವ್ಲಾದಿಮಿರ್: ನಿಮಿಷಕ್ಕೆ ಮೂರು ಸಾವಿರ ಸುತ್ತು ಹೊಡೆಯೋ ಯಂತ್ರ ಇದು. ಯಾರ ಕೈ ಅಂತ ಅದಕ್ಕೇನು ಗೊತ್ತು?

ನೋಲ್ಫಾ: ಪಕ್ಕದಲ್ಲಿ ಜಗಳ ಆಡಿದ್ರೂ ಒಡೆಯುತ್ತೆ.

ವ್ಲಾದಿಮಿರ್: ಹಾಗಾದ್ರೆ ಇಷ್ಟು ವರ್ಷ ನಿಮ್ಮ ಕೈಲಿ ಹೇಗೆ ಗಟ್ಟಿಯಾಯ್ತು?

ನೋಲ್ಫಾ: ಆಗ ನೀನಿರ್ಲಿಲ್ಲ.

ಮೋಟಾರಿನ ಮೇಲೆ ಸಿಡಿದಿದ್ದನ್ನು ಅವಳು ಬಟ್ಟೆಯಿಂದ ಒರೆಸಿದಳು. ಒರೆಸುತ್ತ ಒಂದು ಕಡೆ ಬಗ್ಗಿ ನೋಡಿದಳು. ಆಮೇಲೆ ಮತ್ತೆ ಎಂಬತ್ತು ಮೊಟ್ಟೆ ಒಡೆಯಲು ಕೂತಳು.

ನೋಲ್ಫಾ: ಇನ್ನೊಂದು ಮಾತು. ಬಲಗಡೆಗೇ ಕಲಸ್ಬೇಕು. ನಮ್ಮಜ್ಜಿ ಎಡಕ್ಕೆ ಒಂದು ಸುತ್ತೂ ತಿರುಗಿಸ್ತಿರ್ಲಿಲ್ಲ. ನಿನ್ನದು ಎಡಕ್ಕೇ ಓಡ್ತಿದೆ.

ವ್ಲಾದಿಮಿರ್: ಅಜ್ಜಿ ಕಥೆ ಸಾಕಮ್ಮಾ.

ನೋಲ್ಫಾ: ಆಯ್ತಪ್ಪ. ಮಾಲೀಕರಿಗೆ ನೀನೇ ಒಳ್ಳೇ ಕಥೆ ಹೇಳು.

ಹೊರಗೆ ಮಾಲೀಕರ ವ್ಯಾನ್ ನಿಂತ ಸದ್ದಾಯಿತು. ಈ ಹೆಂಗಸಿನ ಬಾಯಿಯಾದರೂ ಮುಚ್ಚಲಿ ಎಂದು ವ್ಲಾದಿಮಿರ್ ಕರೆಂಟ್ ತೆಗೆದು, ಮೋಟಾರಿನ ಮೂರು ವೈರುಗಳಲ್ಲಿ ಎರಡನ್ನು ಅದಲು ಬದಲು ಮಾಡಿ, ಯಂತ್ರ ಬಲಕ್ಕೆ ತಿರುಗುವಂತೆ ಮಾಡಿ ಗುಂಡಿ ಒತ್ತಿದ. ನೋಲ್ಫಾ ಎಣ್ಣೆಯನ್ನು ನೂಲಿನಂತೆ ಇಳಿಬಿಟ್ಟಳು. ಐದು ನಿಮಿಷಕ್ಕೆಲ್ಲ, ಮಾಲೀಕರು ಒಳಗೆ ಕಾಲಿಡುವ ಮೊದಲೇ, ಪಾತ್ರೆಯಲ್ಲಿ ಸೌಟು ನೆಟ್ಟಗೆ ನಿಂತಿತು. ವ್ಲಾದಿಮಿರನಿಗೆ ಅಳುವಷ್ಟು ಖುಷಿಯಾಯಿತು.

ವ್ಲಾದಿಮಿರ್: ತಪ್ಪಾಯ್ತಮ್ಮಾ. ಇನ್ಮೇಲೆ ಒಂದೇ ಕೈ, ಜಗಳ ಇಲ್ಲ. ನಿಮ್ಮಜ್ಜಿ ಹೇಳಿದ್ದೇ ಸರಿ.

ನೋಲ್ಫಾ: ಅಜ್ಜಿ ಯಾಕೆ? ಮೋಟಾರಿನ ಮೇಲೆ ಇಷ್ಟುದ್ದ ಕೆಂಪು ಬಾಣ ಬರೆದಿದಾರೆ, ಬಲಕ್ಕೆ. ಆಗ್ಲೇ ಒರೆಸೋವಾಗ ಕಂಡೆ.

ವ್ಲಾದಿಮಿರ್: ಅದನ್ನೇ ಹೇಳ್ಬಾರ್ದಿತ್ತಾ?

ನೋಲ್ಫಾ: ಬಾಣ ಅಂದಿದ್ರೆ, ಮೆಕ್ಯಾನಿಕ್ ನಾನಾ ನೀವಾ ಅಂತ ಸಂಜೆವರೆಗೂ ನೀನು ವಾದ ಮಾಡ್ತಿದ್ದೆ. ಅಜ್ಜಿ ಅಂದಿದ್ದಕ್ಕೆ ಐದೇ ನಿಮಿಷದಲ್ಲಿ ವೈರ್ ಬದಲಾಯಿಸ್ದೆ.