ಹೊಸಿಲು ದಾಟದ ಅಪ್ಪ

ತವರನ್ನು ಬಿಡದೆ ಹಿಡಿದುಕೊಂಡ ಹೆಣ್ಣುಮಕ್ಕಳ ಬಾಳಿನಲ್ಲಿ ತಮಾಷೆಗಳಿಗೆ ಬರವೇ ಇಲ್ಲ. ಮದುವೆಯಾಗಿ ತಿಪಟೂರಿಗೆ ಬಂದಾಗಲೇ ನಾನು ಗಟ್ಟಿ ಮನಸ್ಸು ಮಾಡಿದ್ದೆ: ಅಪ್ಪ ಕೊಬ್ಬರಿ ಮಾರಲು ಬಂದ ದಿನ ನಮ್ಮನೆಯಲ್ಲಿ ಉಂಡೇ ಹೋಗಬೇಕು. ಅಪ್ಪನದೂ ಅಷ್ಟೇ ಗಟ್ಟಿ: ಬೀಗರ ಮನೆ ಹೊಸಿಲನ್ನು ಬರಿಗೈಲಿ ದಾಟುವುದಿಲ್ಲ. ನನ್ನ ತವರೂರು ದಬ್ಬೇಘಟ್ಟದಿಂದ ಮೂಟೆಗಟ್ಟಲೆ ಕೊಬ್ಬರಿ ತರುವ ಮನುಷ್ಯನಿಗೆ ಮಗಳ ಮನೆಗೆ ಎರಡು ತೆಂಗಿನಕಾಯಿ ಎತ್ತಿಕೊಳ್ಳುವುದು ಮಾತ್ರ ಪ್ರತಿ ಸಲವೂ ಮರೆತುಹೋಗುತ್ತಿತ್ತು. ನೆನಪಾಗುತ್ತಿದ್ದುದು ನಮ್ಮ ಬಾಗಿಲಿಗೆ ಬಂದಮೇಲೆ.

೧. ಮೆಟ್ಟು

ಅಪ್ಪ ಜಗಲಿಯಲ್ಲಿ ಕೂತು, "ಚೆನ್ನಾಗಿದ್ದೀಯೇನವ್ವಾ?" ಅಂತ ಕೇಳಿ, ನಾನು ನೀರು ತರುವಷ್ಟರಲ್ಲಿ ಮಾಯವಾಗುತ್ತಿದ್ದ. ಸಂಜೆ ಬಸ್ಸು ಹತ್ತುವವರೆಗೂ ಅವನ ಹೊಟ್ಟೆಗೆ ಬರೀ ಟೀ. ಅದು ಗೊತ್ತಿದ್ದೂ ನಾನೊಬ್ಬಳೇ ಉಣ್ಣುವುದು ಹೇಗೆ?

ಒಂದು ಸಲ ಅವನ ಮೆಟ್ಟುಗಳನ್ನು ಒಳಗೆ ತಂದು ಬಚ್ಚಿಟ್ಟೆ. ಈಗ ಹೆಂಗೆ ಹೋಗ್ತಾನೋ ನೋಡೋಣ ಅಂತ ಎಲೆ ಹಾಕಿ ಬಂದರೆ ಜಗಲಿ ಖಾಲಿ. ಬರಿಗಾಲಲ್ಲೇ ಊರು ಸೇರಿದ್ದ.

"ಮೆಟ್ಟು ಎಲ್ಲೋದ್ವು?" ಅಂತ ಅವ್ವ ಕೇಳಿದಳಂತೆ.

"ಉಣ್ಣದೆ ಬಂದೆ ಅಂತ ನಿನ್ ಮಗಳು ಜಪ್ತಿ ಮಾಡ್ಕಂಡವ್ಳೆ."

೨. ಮಂಡಿಯಲ್ಲಿ ಮುದ್ದೆ

ಅವನು ಬರದಿದ್ದರೆ ಊಟವೇ ಅವನಿದ್ದಲ್ಲಿಗೆ ಹೋಗಲಿ ಅಂತ ಕ್ಯಾರಿಯರ್ ತುಂಬಿಸಿ ಕೊಬ್ಬರಿ ಮಂಡಿಗೆ ಹೊರಟೆ. ಅತ್ತೆ ಕ್ಯಾರಿಯರನ್ನೊಮ್ಮೆ ನೋಡಿ ಒಲೆಯ ಕಡೆ ತಿರುಗಿದರು. ಅವರು ಹೀಗೆ ನೋಡಿದಾಗಲೇ ನನಗೆ ಭಯ ಜಾಸ್ತಿ.

ಕೊಬ್ಬರಿ ಮೂಟೆಗಳ ಮೇಲೆ ಅಪ್ಪನ ಜೊತೆ ನಾಲ್ಕೈದು ಜನ ಊರಿನವರು ಕೂತಿದ್ದರು. ಕ್ಯಾರಿಯರ್ ಕೊಟ್ಟು ನಾನು ಮನೆಗೆ ಹೊರಟ ಮೇಲೆ, ಅದನ್ನು ಬಿಚ್ಚುತ್ತಾ ಅಪ್ಪ ಬಾಯಿಮಾತಿಗೆ, "ಬನ್ರಪ್ಪ, ಉಣ್ಣಾನ" ಅಂದನಂತೆ. ಇಂಥ ಮಾತಿಗೆ "ನಮ್ದಾಯ್ತು ಕಣಪ್ಪ, ನೀನು ಮಾಡು" ಅನ್ನುವುದು ಪದ್ಧತಿ. ಅವತ್ತು ಒಬ್ಬರೂ ಪದ್ಧತಿ ಪಾಲಿಸಲಿಲ್ಲ.

ಸಂಜೆ ಖಾಲಿ ಕ್ಯಾರಿಯರ್ ಕೊಡಲು ಬಂದವನನ್ನು ಬಾಗಿಲಲ್ಲೇ ಕೇಳಿದೆ, "ಸೊಪ್ಪಿನ ಸಾರು ಹೆಂಗಿತ್ತಪ್ಪ?"

"ಬಲು ಚೆನ್ನಾಗಿತ್ತಂತೆ ಕಣವ್ವಾ."

೩. ಎರಡು ಕಾಯಿ

ಅಷ್ಟಕ್ಕೇ ಬಿಟ್ಟರೆ ನಾನು ಅವನ ಮಗಳೇ ಅಲ್ಲ. ಮುಂದಿನ ಸಲ ನಮ್ಮ ಹಿತ್ತಲ ರಾಶಿಯಿಂದಲೇ ಎರಡು ಕಾಯಿ ತೆಗೆದು, ಸೆರಗಲ್ಲಿ ಮುಚ್ಚಿಕೊಂಡು ಹೋಗಿ, ಅಪ್ಪನನ್ನು ಬೀದಿ ಮೂಲೆಯಲ್ಲೇ ತಡೆದೆ.

"ಇವನ್ನ ಹಿಡ್ಕ. ಈಗ ಬರಿಗೈ ಅಲ್ವಲ್ಲ, ನಡಿ ಒಳಕ್ಕೆ."

"ಇವು ನಿಮ್ಮನೆ ಕಾಯೇ ಅಲ್ವೇನವ್ವಾ?"

"ಕಾಯಿ ಬಾಯಿ ಬುಟ್ಟು ಹೇಳ್ತದಾ? ಬಾರಪ್ಪ."

ಅಪ್ಪ ಕಳ್ಳನಂತೆ ಹೊಸಿಲು ದಾಟಿದ. ಅತ್ತೆ ಕಾಯಿ ಇಸಿದುಕೊಂಡು ಕಿವಿಯ ಹತ್ತಿರ ಅಲುಗಿಸಿ ನೋಡಿ, "ಎಂಥ ಕಾಯಿ ಕಣ್ರೀ ಬೀಗ್ರೆ! ನಮ್ಮ ತೋಟದಲ್ಲಿ ಇಂಥವು ಎಲ್ಲಿ ಬಿಡ್ತವೆ?" ಅಂದರು. ಅಪ್ಪನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಆದರೂ ಎರಡು ಮುದ್ದೆ ಉಂಡ. ಬಡಿಸುತ್ತಿದ್ದ ನನಗೆ ಕಣ್ಣು ತುಂಬಿ ಬಂತು, ಅಷ್ಟು ಸಂತೋಷ.

ಅಲ್ಲಿಂದ ಇದೇ ರೂಢಿಯಾಯಿತು. ಅಪ್ಪ ತರುವುದು, ಅತ್ತೆ ಹೊಗಳುವುದು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗಿದ್ದೆ.

ಹೀಗೇ ಒಂದು ದಿನ ಸೆರಗು ಮುಚ್ಚಿಕೊಂಡು ಹಿತ್ತಲಿಂದ ಮೆಲ್ಲಗೆ ಹೊರಟಿದ್ದೆ. ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ಅತ್ತೆ ತಿರುಗಿಯೂ ನೋಡದೆ ಹೇಳಿದರು:

"ಲೇ, ಆ ರಾಶಿ ಮುಟ್ಟಬೇಡ ಕಣೇ, ಕೊಬ್ಬರಿಗೆ ಅಂತ ಆರಿಸಿಟ್ಟಿರೋದು. ನಿಮ್ಮಪ್ಪ ತರೋ ಕಾಯಿನ ಈ ಕಡೆ ರಾಶಿಯಿಂದ ತಗಂಡೋಗು."