ಹಸಿದವರಿಲ್ಲದ ಊರಿಗೆ ಅನುದಾನ

ಹಸಿದವರಿಗೆ ಅಂತ ಸರ್ಕಾರದ ಮುಂದೆ ಕೈ ಚಾಚಿ ನೋಡಿ, ಅಕ್ಕಿಗೆ ಬರ ಬಂದರೂ ನಗುವುದಕ್ಕೆ ಬರ ಬರುವುದಿಲ್ಲ. ತೊಂಬತ್ತರ ದಶಕದ ಕೊನೆಯಿಂದ ಏಳೆಂಟು ವರ್ಷ ನಾನು ಆ ಕೆಲಸ ಮಾಡಿದ್ದೇನೆ. ಕುವೆಂಪುನಗರದ ನಾವೊಂದಿಷ್ಟು ಜನ ಸೇರಿ, ಬನ್ನಿಮಂಟಪದ ಹತ್ತಿರ ಹಿಟ್ಟಿನ ಗಿರಣಿಯವರ ಹಳೇ ಶೆಡ್ಡಿನಲ್ಲಿ ‘ದವಸದ ಮನೆ’ ನಡೆಸುತ್ತಿದ್ದೆವು. ಮನೆಮನೆಯಿಂದ ಅಕ್ಕಿ, ರಾಗಿ, ಬೇಳೆ ಬೇಡಿ ತಂದು, ರೇಷನ್ ಕಾರ್ಡೂ ಇಲ್ಲದವರಿಗೆ ಶನಿವಾರ ಹಂಚುವುದು. ಹೂ ಕಟ್ಟುವ ಅಜ್ಜಿಯೊಂದು ನಾವು ಬಾಗಿಲು ತೆಗೆಯುವ ಮೊದಲೇ ಬಂದು ಕೂತಿರುತ್ತಿತ್ತು.

ಬರಬರುತ್ತಾ ಕೊಡುವವರು ಕಡಿಮೆಯಾದರು, ಬೇಕೆನ್ನುವವರು ಹೆಚ್ಚಾದರು. ಅನುದಾನ ಸಿಗದಿದ್ದರೆ ಶೆಡ್ಡಿಗೆ ಬೀಗ ಎನ್ನುವ ಸ್ಥಿತಿ ಬಂತು. ಜನರ ಹಸಿವು ನೀಗಿಸುವುದು ನಾಲ್ಕು ಮನೆಯವರ ಪುಣ್ಯದ ಕೆಲಸವಲ್ಲ, ಸರ್ಕಾರದ ಕೆಲಸ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಸರಿ, ಮೊಪೆಡ್ ಹತ್ತಿದೆ.

ತೇಗು

ಮೊದಲು ಹೋಗಿದ್ದು ಜನಪ್ರತಿನಿಧಿಯೊಬ್ಬರ ಮನೆಗೆ. ಜೊತೆಗೆ ನಮ್ಮ ಗುಂಪಿನ ಹಿರಿಯರು, ನಿವೃತ್ತ ಹೆಡ್‌ಮಾಸ್ತರು. ಜನಪ್ರತಿನಿಧಿಗಳು ತಿಂಡಿಗೆ ಕೂತಿದ್ದರು. “ಬನ್ನಿ ಬನ್ನಿ, ಮೊದ್ಲು ತಿನ್ನಿ, ಆಮೇಲೆ ಮಾತು” ಅಂದರು. ಬೇಡವೆಂದರೂ ಬಿಡದೆ ಖಾರಾಬಾತು, ಕೇಸರಿಬಾತು ಬಡಿಸಿದರು. ಕೈ ತೊಳೆದ ಮೇಲೆ ವಿಷಯ ಹೇಳಿದೆ.

“ಹಸಿವಾ? ನಮ್ಮೂರಲ್ಲಾ? ನಮ್ಮನೆಗೆ ಬಂದೋರು ಯಾರೂ ಹಸ್ಕೊಂಡು ವಾಪಸ್ ಹೋಗಿಲ್ಲ ಕಣಮ್ಮ. ಬೇಕಾದ್ರೆ ಮೇಷ್ಟ್ರನ್ನೇ ಕೇಳಿ.”

ಹೆಡ್‌ಮಾಸ್ತರು ಉತ್ತರ ಕೊಡಲು ಬಾಯಿ ತೆರೆದರು. ತೇಗು ಬಂತು.

ದಸರಾ ಮುಗೀಲಿ

ಅನುದಾನ ಕೊಡುವ ಸರ್ಕಾರಿ ಕಚೇರಿಗೆ ಶ್ರಾವಣದಲ್ಲಿ ಹೋದರೆ, “ದಸರಾ ಕೆಲ್ಸ ತಲೆ ಮೇಲಿದೆ, ಮುಗೀಲಿ” ಅಂದರು. ಮುಗಿಯಿತು. ಹೋದರೆ, “ದಸರಾ ಸುಸ್ತು ಇನ್ನೂ ಇಳಿದಿಲ್ಲ, ದೀಪಾವಳಿ ಆಗ್ಲಿ” ಅಂದರು. ದೀಪಾವಳಿಯೂ ಆಯಿತು. ಆಗ, “ಈ ವರ್ಷದ ಹಣವೆಲ್ಲ ಹಂಚಿಹೋಯ್ತಲ್ಲ, ಮುಂದಿನ ವರ್ಷ ದಸರಾಕ್ಕಿಂತ ಮುಂಚೆ ಬನ್ನಿ” ಅಂದರು. ಶೆಡ್ಡಿನಿಂದ ಕೂಗಳತೆಯಲ್ಲಿದ್ದ ಪಂಜಿನ ಕವಾಯತಿನ ಮೈದಾನಕ್ಕೆ ಮಾತ್ರ ಪ್ರತಿ ವರ್ಷ ಹೊಸ ಬಣ್ಣ ಬೀಳುತ್ತಿತ್ತು. ಬಣ್ಣಕ್ಕೆ ಯಾರೂ ಅರ್ಜಿ ಹಾಕಿದ್ದು ನಾನು ಕಾಣೆ.

ದಸರಾ ಮುಗಿಯುವ ತನಕ ತಡಿ ಅಂತ ಹಸಿವಿಗೆ ಹೇಳೋಣವೆಂದರೆ, ಅದಕ್ಕೆ ಆ ಹತ್ತು ದಿನವೂ ರಜೆಯಿಲ್ಲ.

ತುಂಬಿದ ಮನೆ

ಕೊನೆಗೊಬ್ಬ ಅಧಿಕಾರಿ ತಪಾಸಣೆಗೆ ಬರಲು ಒಪ್ಪಿದರು. ಹಿಂದಿನ ಸಂಜೆ ಶೆಡ್ಡಿನಲ್ಲಿದ್ದದ್ದು ಅರ್ಧ ಮೂಟೆ ರಾಗಿ. ಹೆಡ್‌ಮಾಸ್ತರಿಗೆ ತಡೆಯಲಿಲ್ಲ.

“ಮನೆಗ್ ಬರೋರಿಗೆ ಖಾಲಿ ಡಬ್ಬ ತೋರ್ಸೋದಾ? ಮರ್ಯಾದೆ ಬೇಡ್ವೇನಮ್ಮ?” ಎಂದು ಹೋಗಿ, ಪರಿಚಯದ ಅಕ್ಕಿ ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಮೂಟೆಗಳನ್ನು ಎರವಲು ತಂದು ಸೂರಿನವರೆಗೆ ಜೋಡಿಸಿಬಿಟ್ಟರು. ಮೇಲಿನ ಮೂಟೆಗೆ ಅರಿಶಿನ ಕುಂಕುಮ ಬೇರೆ.

ಅಧಿಕಾರಿ ನೋಡಿ ಖುಷಿಪಟ್ಟರು. “ಇಷ್ಟೊಂದು ಇದೆಯಲ್ರೀ, ನಿಮಗ್ಯಾಕೆ ಅನುದಾನ?”

ಮರುವರ್ಷ ಬುದ್ಧಿ ಕಲಿತು, ಇದ್ದದ್ದನ್ನು ಇದ್ದ ಹಾಗೇ ತೋರಿಸಿದೆವು. ಆ ವರ್ಷದ ಅಧಿಕಾರಿ ಬೇರೆ. “ಏನೂ ಇಲ್ವಲ್ರೀ. ನಡೀದೇ ಇರೋ ಸಂಸ್ಥೆಗೆ ಹೆಂಗ್ರೀ ಕೊಡೋದು?”

“ಹಾಗಾದ್ರೆ ಎಷ್ಟು ಮೂಟೆ ಇರ್ಬೇಕು ಸಾರ್?” ಹೆಡ್‌ಮಾಸ್ತರು ಕೈಮುಗಿದು ಕೇಳಿದರು.

“ಅದನ್ನ ನಾವು ಹೇಳೋ ಹಾಗಿಲ್ಲ.”

ಆಯ್ತಾ?

ಆಮೇಲೆ ಬಂದ ಮೂರನೆಯ ಅಧಿಕಾರಿ ನಿಜಕ್ಕೂ ಒಳ್ಳೆಯವರು. “ಶೆಡ್ಡು ಬೇಡ ಮೇಡಂ, ಜನರನ್ನೇ ತೋರಿಸಿ. ಹಸಿದವರಿದ್ರೆ ನಾನೇ ಶಿಫಾರಸು ಮಾಡ್ತೀನಿ” ಅಂದರು. ನನಗೆ ಆಕಾಶ ಮೂರೇ ಗೇಣು. ಸೀದಾ ಹೂವಿನ ಅಜ್ಜಿಯ ಮನೆಗೆ ಕರೆದುಕೊಂಡು ಹೋದೆ. ಮಧ್ಯಾಹ್ನವಾಗಿತ್ತು. ಒಲೆ ತಣ್ಣಗಿತ್ತು, ಪಾತ್ರೆಗಳು ಬೋರಲು ಬಿದ್ದಿದ್ದವು. ಇನ್ನೇನು ಬೇಕು ಸಾಕ್ಷಿ?

ಅಧಿಕಾರಿ ನಮ್ಮೂರಿನವರು, ಸಂಸ್ಕಾರವಂತರು. ಹೊಸ್ತಿಲಲ್ಲೇ ನಿಂತು ಎಲ್ಲರೂ ಕೇಳುವ ಹಾಗೆ ಕೇಳಿದರು. “ಏನಜ್ಜಿ, ಊಟ ಆಯ್ತಾ?”

“ಆಯ್ತು ಬುದ್ಧಿ. ತಮ್ದಾಯ್ತಾ?”

ಪಕ್ಕದ ಮನೆಯಲ್ಲಿ ಕೇಳಿದರು, ಆಗಿತ್ತು. ಅದರಾಚೆಯ ಮನೆಯಲ್ಲಿ, ಈಗ ತಾನೇ ಆಗಿತ್ತು. ಇಡೀ ಬೀದಿಯದ್ದು ಆಗಿತ್ತು. ಕೊನೆಯ ಮನೆಯವರಂತೂ, “ಸ್ವಲ್ಪ ಮುಂಚೆ ಬಂದಿದ್ರೆ ತಾವೂ ಇಲ್ಲೇ ಉಣ್ಬೋದಿತ್ತು” ಎಂದು ನೊಂದುಕೊಂಡರು.

ಜೀಪು ಹೋದ ಮೇಲೆ ಅಜ್ಜಿಯ ಮೇಲೆ ರೇಗಿದೆ. “ಬೆಳಗ್ಗಿಂದ ಒಲೆ ಹಚ್ಚಿಲ್ಲ. ಇಲ್ಲ ಅನ್ನೋಕೇನಾಗಿತ್ತು ನಿಂಗೆ?”

ಅಜ್ಜಿ ನನ್ನನ್ನೇ ವಿಚಿತ್ರವಾಗಿ ನೋಡಿತು. “ಬಾಗ್ಲಿಗ್ ಬಂದೋರ್ ಮುಂದೆ ಇಲ್ಲ ಅನ್ಬುಟ್ರೆ, ಪಾಪ, ಅವ್ರು ಮನೆಗೋಗಿ ಎಂಗವ್ವ ಉಣ್ತಾರೆ?”

ಹಸಿದವರು ಕಂಡುಬಂದಿಲ್ಲ ಎಂದು ವರದಿ ಹೋಯಿತು. ಶೆಡ್ಡು ಮುಚ್ಚಿತು. ಈಗಲ್ಲಿ ಕೇಟರಿಂಗ್‌ನವರ ದೊಡ್ಡ ದೊಡ್ಡ ಹಂಡೆಗಳಿವೆ. ಅಜ್ಜಿ ಹೂವಿನ ಬುಟ್ಟಿ ಹಿಡಿದು ಕಲ್ಯಾಣ ಮಂಟಪದ ಮುಂಬಾಗಿಲಿಗೆ ಹೋಗುತ್ತಿತ್ತು, ಬುಟ್ಟಿ ಖಾಲಿಯಾದ ಮೇಲೆ ಹಿಂಬಾಗಿಲಿಗೆ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆದರೆ ಮುಚ್ಚುವ ಮೊದಲು ನಾನು ಸುಮ್ಮನೆ ಕೂತಿರಲಿಲ್ಲ. ವರದಿಯ ಸುದ್ದಿ ತಿಳಿದ ದಿನ, ಬೆಳಗಿನ ಕಾಫಿಯೊಂದರ ಮೇಲೆ ಮನೆ ಬಿಟ್ಟು ಆ ಅಧಿಕಾರಿಯ ಕಚೇರಿಗೆ ಹೋದೆ. ಬಿಸಿಲಲ್ಲಿ ಬೆಂಚಿನ ಮೇಲೆ ಕಾದು ಕಾದು ಕಣ್ಣು ಕತ್ತಲೆ ಬರುತ್ತಿತ್ತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಉರು ಹೊಡೆದಿದ್ದೆ. ಈ ಊರಲ್ಲಿ ಉಪವಾಸ ಇದ್ದವರೂ ಊಟ ಆಯ್ತು ಅಂತಲೇ ಅನ್ನುತ್ತಾರೆ, ಆ ಮಾತನ್ನು ನಂಬಿ ಒಂದು ಬೀದಿಯ ಅನ್ನ ಕಿತ್ತುಕೊಳ್ಳಬೇಡಿ, ಮತ್ತೊಮ್ಮೆ ಬಂದು ನೋಡಿ ಅಂತ.

ಮಧ್ಯಾಹ್ನ ಮೂರರ ಹೊತ್ತಿಗೆ ಒಳಗೆ ಕರೆದರು. ಅವರು ಟಿಫನ್ ಕ್ಯಾರಿಯರ್ ಬಿಚ್ಚುತ್ತಿದ್ದರು. ಹುಳಿಯ ವಾಸನೆ ಕೋಣೆ ತುಂಬಿತ್ತು. ನನ್ನನ್ನು ಕಂಡು ಮುಚ್ಚಳ ಕೆಳಗಿಟ್ಟು, ಅಕ್ಕರೆಯಿಂದ ಕೇಳಿದರು.

“ಬನ್ನಿ ಮೇಡಂ. ಊಟ ಆಯ್ತಾ?”

“ಆಯ್ತು ಸಾರ್” ಅಂದೆ. “ನಿಮ್ದು?”