ಓಣಿಗೆಲ್ಲ ಕೇಳುತ್ತಿದ್ದ ಪುಲ್ಲಿ

ಶಿಸ್ತಿರುವ ಮನೆಗಳಲ್ಲೇ ಇಂಥ ಪ್ರಸಂಗಗಳು ಹೆಚ್ಚು. ಶಿಸ್ತಿಲ್ಲದ ಮನೆಗಳಲ್ಲಿ ಅವು ಪ್ರಸಂಗ ಅನ್ನಿಸುವುದೇ ಇಲ್ಲ. ಬಾಗಿಲನ್ನೂ ಸಪ್ಪಳವಾಗದಂತೆ ಹಾಕಬೇಕೆಂದು ಕಾನ್ವೆಂಟಿನಲ್ಲಿ ಕಲಿತವಳು ನಾನು. ಅಂಥ ನನ್ನ ಕಾರು ಒಂದು ವರ್ಷದಿಂದ ಬೆಟಗೇರಿಯ ಓಣಿಯಲ್ಲಿ ಕಿರುಚುತ್ತ ಓಡಾಡುತ್ತಿತ್ತು. ಅಷ್ಟರಲ್ಲಿ ಲಕ್ಷ್ಮೇಶ್ವರದಲ್ಲಿ ಮಗಳ ಕುಬಸ, ಅಂದರೆ ಸೀಮಂತ, ನಿಶ್ಚಯವಾಯಿತು. ಬೀಗರ ಬಾಗಿಲಲ್ಲಿ, ನೆಂಟರೆಲ್ಲರ ಎದುರು ಹೀಗೆ ಕಿರುಚುತ್ತ ಹೋಗಿ ಇಳಿಯುವುದು ನನ್ನಿಂದಾಗದು. ವಾರದೊಳಗೆ ಸದ್ದು ನಿಲ್ಲಬೇಕು ಎಂದೆ. ಯಜಮಾನರು, "ಮನ್ಯಾಗ ಮಾಡೂಣು ತಗೋ" ಎಂದರು.

ಲಟ್ಟಣಿಗೆ

ಪಕ್ಕದ ಹಿಟ್ಟಿನ ಗಿರಣಿಯವರು ಬಂದರು. ಬೆಲ್ಟಿನ ಜೊತೆಗೇ ಆಯುಷ್ಯ ಕಳೆದವರು. ಬಾನೆಟ್ ಎತ್ತಿಸಿ, ಎಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ ನಿಂತರು.

"ಬೆಲ್ಟ್ ಅಲ್ರಿ. ಯಾವುದೋ ಪುಲ್ಲಿ ಬೇರಿಂಗ್ ಹೋಗೇತಿ. ಒಂದು ಲಟ್ಟಣಿಗಿ ತರ್ರಿ."

ಲಟ್ಟಣಿಗೆಯ ಒಂದು ತುದಿಯನ್ನು ಬೆಲ್ಟ್ ಸುತ್ತಿದ ಒಂದೊಂದು ಗಾಲಿಯ, ಅಂದರೆ ಪುಲ್ಲಿಯ, ನಡುವಿನ ಬೋಲ್ಟಿಗೆ ತಾಗಿಸಿ, ಇನ್ನೊಂದಕ್ಕೆ ಕಿವಿ ಕೊಟ್ಟರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದಂತೆ. ಕೆಲಸ ಸರಿಯಾಗಿ ಆಗಲೆಂದು ನಾನೇ ಸೆರಗು ಬಿಗಿಯಾಗಿ ಸಿಕ್ಕಿಸಿ, ಬಗ್ಗಿ, ಒಂದೊಂದನ್ನೂ ಆಲಿಸಿದೆ. ಮೂರನೆಯದರಲ್ಲಿ ಜಲ್ಲಿ ಅರೆದಂತೆ ಗರಗರ.

ಯಜಮಾನರು ಗಿರಣಿಯವರತ್ತ ತಿರುಗಿದರು: "ಮೂವತ್ತು ವರ್ಷದಾಗ ನನ್ನ ಮಾತು ಒಮ್ಮೆನೂ ಹಿಂಗ ಕಿವಿಗೊಟ್ಟು ಕೇಳಿಲ್ಲ ನೋಡ್ರಿ."

ಹೆಚ್ಚಿಗಿ ಸಾಮಾನು

ಮರುದಿನ ಯಜಮಾನರು ಪಾನಾ ಹಿಡಿದು ಬೆಲ್ಟ್ ಸಡಿಲಿಸಿ ಹೊರಗೆ ತೆಗೆದರು. ಎಂಜಿನ್ ಚಾಲೂ ಮಾಡಿದರೆ ಸದ್ದೇ ಇಲ್ಲ!

"ಆತು ನೋಡು!" ಎಂದು ಕೈ ತೊಳೆಯಲು ಹೊರಟರು.

ನೆಲದ ಮೇಲಿದ್ದ ಬೆಲ್ಟನ್ನು ಎತ್ತಿ ಹಿಡಿದು, "ಹಾಗಾದರೆ ಇದು?" ಎಂದೆ.

"ಅದು ಹೆಚ್ಚಿಗಿ ಸಾಮಾನು."

ಬೆಲ್ಟಿಲ್ಲದೆ ಕಾರು ಗದಗ ದಾಟುವುದಿಲ್ಲ ಎಂದು ಗಿರಣಿಯವರು ಗೋಡೆಯಾಚೆಯಿಂದಲೇ ಕೂಗಿದ ಮೇಲೆ ಹೊಸ ಪುಲ್ಲಿ ಬಂತು, ಕೂತಿತು.

ಸಪ್ಪಳವಿಲ್ಲದ ದಿನ

ಕುಬಸದ ಹಿಂದಿನ ದಿನ, ಹಸಿರು ಸೀರೆ ಕೊಟ್ಟು ಬರಲು ಒಬ್ಬಳೇ ಲಕ್ಷ್ಮೇಶ್ವರಕ್ಕೆ ಹೋದೆ. ಕಾರು ಉಸಿರೆತ್ತಲಿಲ್ಲ.

ಮಗಳ ಮನೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಈ ಒಂದು ವರ್ಷದಲ್ಲಿ ಯಾವಾಗ ಹೋದರೂ ಬೀಗತಿ ಇಸ್ತ್ರಿ ಸೀರೆಯಲ್ಲಿ ಬಾಗಿಲಲ್ಲಿ ನಿಂತಿರುತ್ತಿದ್ದರು, ಹಾಸಿಗೆ ಮಡಚಿರುತ್ತಿತ್ತು, ಮಗಳು ಬೆನ್ನು ನೆಟ್ಟಗಿಟ್ಟು ಕುಳಿತಿರುತ್ತಿದ್ದಳು. ಎಲ್ಲ ನಾನು ಬೆಳೆಸಿದ ರೀತಿ ಎಂದುಕೊಂಡಿದ್ದೆ.

ಅಂದು ಬಾಗಿಲು ತೆರೆದೇ ಇತ್ತು. ಬೀಗತಿ ನೈಟಿಯಲ್ಲಿ ನೆಲಕ್ಕೆ ಕುಳಿತಿದ್ದರು. ಮಗಳ ಬಾತ ಕಾಲುಗಳು ಅವರ ತೊಡೆಯ ಮೇಲೆ, ಒತ್ತುತ್ತಿದ್ದರು. ಪಕ್ಕದಲ್ಲಿ ಪೇಪರಿನ ಮೇಲೆ ಬಿಸಿ ಮಿರ್ಚಿ ಭಜಿ. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ನನ್ನ ಮಗಳಿಗೆ ಅಷ್ಟು ದೊಡ್ಡ ನಗು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಅಯ್ಯ, ಮಮ್ಮೀ! ಗಾಡಿ ಸಪ್ಪಳನ ಕೇಳಲಿಲ್ಲಲ್ಲ!"

ಆಗ ತಿಳಿಯಿತು. ಅವರ ಓಣಿಯ ತುದಿಯಲ್ಲಿ ಕಾರು ಕಿರುಚಿ, ನಾನು ಬಾಗಿಲು ಮುಟ್ಟುವ ಆ ಎರಡು ನಿಮಿಷದಲ್ಲಿ ನನ್ನ ಶಿಸ್ತೆಲ್ಲ ತಯಾರಾಗುತ್ತಿತ್ತು.

ಕರವಸ್ತ್ರ ಹಾಸಿ ಕೆಳಗೇ ಕುಳಿತು, ಹೊಸ ಪುಲ್ಲಿ ಹಾಕಿಸಿದ ಕತೆ ಹೇಳುತ್ತ ಒಂದು ಮಿರ್ಚಿ ತಿಂದೆ. ಅದನ್ನು ನೋಡಿ ಧೈರ್ಯ ಬಂದು, ಬೀಗತಿ ಮೆಲ್ಲಗೆ ಕೇಳಿದರು:

"ಅಕ್ಕಾರ, ಹಳೇ ಪುಲ್ಲಿ ತಿಪ್ಪಿಗೆ ಒಗದಿಲ್ಲಲ್ರಿ? ಕುಬಸ ಮುಗದ ಮ್ಯಾಲ ಅದನ್ನ ಮತ್ತ ಹಾಕಿಸಿಬಿಡ್ರಿ."